ಮೂರು ಸಂತೆ ನೋಡಿದ ಫೋನು

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಅದಕ್ಕೇ ಹೋದ ತಿಂಗಳು ನಮ್ಮ ಶಾಲೆಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಹೆಡ್‌ಮಾಸ್ತರರು ಎರಡು ಸಲ ನನ್ನ ಕಡೆ ನೋಡಿದರು. ಒಂದೇ ಶಾಲೆಯಲ್ಲಿ ಜೊತೆಗೆ ಕೆಲಸ ಮಾಡಿದವಳು, ಮೇಲಾಗಿ ಗೋಡೆಗೆ ಗೋಡೆ ಹಚ್ಚಿದ ನೆರೆಮನೆಯವಳು, ನಾನಲ್ಲದೆ ಮತ್ಯಾರು ಮಾತಾಡಬೇಕು ಎಂಬುದು ಅವರ ಲೆಕ್ಕ. ನಾನು ಸೆರಗು ಸರಿಮಾಡಿಕೊಳ್ಳುತ್ತ ನೆಲ ನೋಡಿದೆ. ದುಃಖಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡು ಅವರು ಬಿಟ್ಟುಬಿಟ್ಟರು.

ಡ್ರಿಲ್ ಮಾಸ್ತರರು ಮಾತಾಡಿದರು. "ಫೋನಿನ ವಿಷಯದಾಗ ಅವ್ರಷ್ಟು ತಿಳಿದಾವ್ರು ಈ ಲಕ್ಷ್ಮೇಶ್ವರದಾಗ ಇನ್ನೊಬ್ರು ಇಲ್ರಿ. ಅವ್ರನ್ನ ಕೇಳದ ನಾವ್ಯಾರೂ ಫೋನ್ ತಗೊಂಡಿಲ್ಲ" ಎಂದು ಕಣ್ಣೊರೆಸಿಕೊಂಡರು. ಕೇಳಿದ್ದು ನಿಜ. ಆದರೆ ಅವರು ಹೇಳಿದ್ದನ್ನು ಒಬ್ಬರೂ ಕೊಂಡಿಲ್ಲ. ಯಾಕೆಂದರೆ ಇಂಥದ್ದನ್ನು ಕೊಳ್ಳಿ ಎಂದು ಆ ಮನುಷ್ಯ ಒಬ್ಬರಿಗೂ ಹೇಳಿರಲಿಲ್ಲ. ಈ ಮಾತನ್ನು ಹೂವಿನ ಹಾರ ಹಾಕಿದ ಫೋಟೋದ ಮುಂದೆ ಹೇಳಲು ಬರುವುದಿಲ್ಲ. ಇಲ್ಲಿ ಹೇಳುತ್ತೇನೆ.

ಹೆಸರು ಬೇಡ. ಮಕ್ಕಳು, ಪಾಲಕರು, ಸಂತೆಯಲ್ಲಿ ಸೊಪ್ಪು ಮಾರುವವಳು, ಎಲ್ಲರೂ ಅವರನ್ನು ‘ಸೈನ್ಸ್ ಸರ’ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಸಣ್ಣಗೆ ಕತ್ತರಿಸಿದ ಮೀಸೆ. ಕುಡಿತವಿಲ್ಲ, ಇಸ್ಪೀಟಿಲ್ಲ, ಯಾರ ಮೇಲೂ ದನಿ ಏರಿಸಿದವರಲ್ಲ. ಇಂಥ ಸಜ್ಜನರಿಂದ ಎಷ್ಟು ಹಿಂಸೆಯಾಗಬಹುದು ಎನ್ನುವುದು ಅವರ ಪಕ್ಕದ ಮನೆಯಲ್ಲಿ ಇದ್ದವರಿಗೇ ಗೊತ್ತು.

ಸ್ಟಾಫ್‌ರೂಮಿನಲ್ಲಿ ಯಾರಾದರೂ ಹೊಸ ಫೋನು ತಂದರೆ ಮೊದಲು ಅವರ ಮುಂದೆ ಇಡಬೇಕು. ಅವರು ಕರವಸ್ತ್ರದಿಂದ ಅದನ್ನು ಒರೆಸುವರು. ಅಂಗೈ ಮೇಲಿಟ್ಟು ತೂಕ ನೋಡುವರು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಗಾಜು ನೋಡುವರು. ಬೆನ್ನು ತಿರುಗಿಸಿ ಕ್ಯಾಮೆರಾದ ಕಣ್ಣು ಎಣಿಸುವರು. ಕೊನೆಗೊಂದು ನಿಟ್ಟುಸಿರು ಬಿಟ್ಟು, ಫೋನನ್ನು ವಾಪಸು ಕೊಡುತ್ತ, "ಆತು ಬಿಡ್ರಿ, ತಗೊಂಡೀರಲ್ಲ" ಎನ್ನುವರು. ಕೆಟ್ಟ ಮನೆತನಕ್ಕೆ ಮಗಳನ್ನು ಕೊಟ್ಟವರಿಗೆ ಸಮಾಧಾನ ಹೇಳುವ ದನಿ ಅದು. ಡ್ರಿಲ್ ಮಾಸ್ತರರು ಹಿಗ್ಗಿನಿಂದ ಬೆಳಿಗ್ಗೆ ತಂದ ಫೋನು ಆ ಒಂದು ಮಾತಿಗೆ ಮಧ್ಯಾಹ್ನದ ಹೊತ್ತಿಗೆ ಹಳೆಯದಾಗಿತ್ತು.

"ಏನ್ ಕಡಿಮಿ ಐತ್ರಿ ಸರ ಇದರಾಗ?" ಎಂದು ಮಾಸ್ತರರು ಶಾಲೆ ಬಿಡುವ ತನಕ ಅವರ ಬೆನ್ನು ಹತ್ತಿದರು.

"ಕಡಿಮಿ ಅಂತ ಅಲ್ರಿ. ಇನ್ನೊಂದು ತಿಂಗಳ ತಡದಿದ್ರ ಇದರ ಅಣ್ಣ ಬರಾಂವ ಇದ್ದ."

ಹೀಗೆ ಊರಿನವರ ಫೋನಿಗೆಲ್ಲ ಅಣ್ಣನನ್ನು ಹುಡುಕಿ ಕೊಡುತ್ತಿದ್ದವರ ಸ್ವಂತ ಕಿಸೆಯಲ್ಲಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಗುಂಡಿಗಳ ಮೇಲಿನ ಅಂಕಿ ಅಳಿಸಿಹೋಗಿದ್ದವು. ಸರ, ನೀವ್ಯಾಕೆ ಕೊಂಡಿಲ್ಲ ಎಂದರೆ, "ನೋಡಾಕತ್ತೀನ್ರಿ" ಎನ್ನುವರು. ಎಷ್ಟೋ ವರ್ಷ ನೋಡುತ್ತಲೇ ಇದ್ದರು.

ಈ ರೋಗದ ಮೂಲ ಮುಳಗುಂದದಲ್ಲಿತ್ತು. ಅವರ ತಂದೆ ಅಲ್ಲಿ ಹೊಲಮನೆ ಉಳ್ಳ ಕುಳ, ಎತ್ತಿನ ಪರೀಕ್ಷೆಯಲ್ಲಿ ಹೆಸರು ಮಾಡಿದವರು. ಸುತ್ತಲಿನ ಊರಿನವರು ಎತ್ತು ಕೊಳ್ಳುವಾಗ ಅವರನ್ನು ದನದ ಸಂತೆಗೆ ಕರೆದೊಯ್ಯುತ್ತಿದ್ದರಂತೆ. ಹಲ್ಲು ನೋಡಿ ವಯಸ್ಸು ಹೇಳುವುದು, ಸುಳಿ ನೋಡಿ ಗುಣ ಹೇಳುವುದು, ನಡೆಸಿ ನೋಡಿ ಬಲ ಹೇಳುವುದು ಅವರಿಗೆ ನೀರು ಕುಡಿದಷ್ಟು ಸುಲಭವಂತೆ. ಅವರದೊಂದು ನೇಮವಿತ್ತು. ಎಂಥ ಎತ್ತನ್ನೂ ಮೂರು ಸಂತೆ ನೋಡದೆ ಕೊಳ್ಳಬಾರದು. ಕುಂಟು ಎತ್ತನ್ನು ಒಂದು ಸಂತೆಗೆ ಕಾಲು ತಿಕ್ಕಿ ನಿಲ್ಲಿಸಬಹುದು, ಎರಡನೆಯ ಸಂತೆಗೆ ಬೆಲ್ಲ ತಿನ್ನಿಸಿ ನಿಲ್ಲಿಸಬಹುದು, ಮೂರನೆಯದಕ್ಕೆ ಅದರ ಐಬು ಹೊರಗೆ ಬಿದ್ದೇ ಬೀಳುತ್ತದೆ. "ನಮ್ಮಪ್ಪಾರು ಜನ್ಮದಾಗ ಒಂದು ಎತ್ತಿಗೂ ಮೋಸ ಹೋಗಲಿಲ್ರಿ" ಎಂದು ಸರ ಹೇಳುವಾಗ ಅವರ ಕುತ್ತಿಗೆ ಉದ್ದವಾಗುತ್ತಿತ್ತು.

ಆ ನೇಮವನ್ನು ಅವರು ಫೋನಿಗೆ ತಂದು ಕಟ್ಟಿದರು. ತಿಂಗಳಿಗೊಮ್ಮೆ ಗದಗಿಗೆ ಹೋಗಿ ಅಂಗಡಿಯಲ್ಲಿ ಆ ಫೋನನ್ನು ನೋಡಿ ಬಂದರೆ ಅದು ಒಂದು ಸಂತೆ. ಹೀಗೆ ಮೂರು ತಿಂಗಳು ನೋಡಬೇಕು. ಮೊದಲ ತಿಂಗಳು ಎಲ್ಲರೂ ಹೊಗಳುತ್ತಾರೆ, ಎರಡನೆಯ ತಿಂಗಳು ಕೊಂಡವರು ಗೊಣಗುತ್ತಾರೆ, ಮೂರನೆಯ ತಿಂಗಳು ಖರೆ ಬಣ್ಣ ತಿಳಿಯುತ್ತದೆ ಎಂಬುದು ಅವರ ಶಾಸ್ತ್ರ. ಎತ್ತಿಗೆ ಇದು ಸರಿ. ಮೂರು ಸಂತೆ ಕಳೆದರೂ ಎತ್ತು ಎತ್ತೇ ಆಗಿರುತ್ತದೆ. ಫೋನು ಹಾಗಲ್ಲ. ಮೂರನೆಯ ಸಂತೆಗೆ ಇವರು ಹೋಗುವಷ್ಟರಲ್ಲಿ ಅಂಗಡಿಯವನು ಅದನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು ಬೇರೆಯದನ್ನು ಇಟ್ಟಿರುತ್ತಿದ್ದ. ಇವರು ಹೊಸದಕ್ಕೆ ಮತ್ತೆ ಮೊದಲನೆಯ ಸಂತೆಯಿಂದ ಸುರು ಮಾಡುವರು. ಇದನ್ನು ನಾನು ಒಮ್ಮೆ ಬಾಯಿಬಿಟ್ಟು ಹೇಳಿದೆ.

"ಸರ, ನಿಮ್ಮ ಮೂರನೇ ಸಂತಿ ಬರೋದರಾಗ ಎತ್ತು ಮುದಿಯಾಗಿರತೈತಲ್ರಿ."

"ಹಂಗಾರ ಅದು ಚೊಲೋ ಇರಲಿಲ್ಲ ಅಂತ ಅರ್ಥ ಟೀಚರ್. ಚೊಲೋ ಇದ್ದದ್ದು ಉಳೀತಿತ್ತು."



ಅವರ ಮಾತಿನಲ್ಲಿ ಫೋನು ಮತ್ತು ಎತ್ತು ಕೂಡಿಯೇ ಬರುತ್ತಿದ್ದವು. "ನಾಕ ಜಿಬಿ ಅಂದ್ರ ನಾಕ ಹಲ್ಲಿನ ಹೋರಿ ಇದ್ದಂಗ, ಓಡತೈತಿ, ಎಳ್ಯಾಂಗಿಲ್ಲ. ಎಂಟು ಅಂದ್ರ ಹಲ್ಲೆಲ್ಲಾ ಬಂದು ಬಾಯಿಗೂಡಿದ ಎತ್ತು. ಈಗ ಹನ್ನೆರಡು ಬಂದೈತಿ ಅಂತಾರ. ಹನ್ನೆರಡು ಹಲ್ಲಿನ ಎತ್ತು ಯಾರ ಕಂಡಾರ್ರಿ? ಏನೋ ಮೋಸ ಐತಿ ಅದರಾಗ." ಬ್ಯಾಟರಿ ಎಂದರೆ ಹೊಟ್ಟೆ. ಬೇಗ ಚಾರ್ಜ್ ಆಗುವ ಫೋನನ್ನು ಅವರು ನಂಬುತ್ತಿರಲಿಲ್ಲ. ಗಬಗಬ ತಿನ್ನುವ ದನಕ್ಕೆ ಹೊಟ್ಟೆ ಉಬ್ಬರಿಸುತ್ತದೆಯಂತೆ. ಹಿಂದಿನ ಕ್ಯಾಮೆರಾಗಳು ಒಂದೇ ಸಾಲಿನಲ್ಲಿದ್ದರೆ ಅದು ಕೆಟ್ಟ ಸುಳಿ. ವಿಜ್ಞಾನ ಕಲಿಸುವ ಮಾಸ್ತರರ ಬಾಯಲ್ಲಿ ಈ ಮಾತು ಕೇಳಿ ಎಂಟನೆಯ ಇಯತ್ತೆಯ ಮಕ್ಕಳೂ ಮುಸಿಮುಸಿ ನಗುತ್ತಿದ್ದರು.

ಒಮ್ಮೆ ತರಬೇತಿಗೆಂದು ನಾವಿಬ್ಬರೂ ಗದಗಿಗೆ ಹೋಗಿದ್ದೆವು. ಮುಗಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ಒಂದು ಮೊಬೈಲ್ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದರು. ನನಗೆ ಕುರ್ಚಿ ಕೊಡಿಸಿ, ಆ ತಿಂಗಳ ಎತ್ತನ್ನು ತೆಗೆಸಿ ನೋಡತೊಡಗಿದರು. ಅಂಗಡಿಯವರು ಬೋಳುತಲೆಯ ತಾಳ್ಮೆಯ ಮನುಷ್ಯ. ಎಲ್ಲ ಕೇಳಿದ ಮೇಲೆ ಸರ ತಮ್ಮ ಚೀಲದಿಂದ ಟಾವೆಲ್ ತೆಗೆದರು. ಅಂಗಡಿಯವರ ಬಲಗೈ ಮೇಲೆ ಅದನ್ನು ಹೊದಿಸಿ ಒಳಗೆ ತಮ್ಮ ಕೈ ತೂರಿಸಿ ಅವರ ಬೆರಳು ಹಿಡಿದರು. ದನದ ಸಂತೆಯಲ್ಲಿ ದಲಾಲರು ಹೀಗೆಯೇ ಬಟ್ಟೆಯ ಕೆಳಗೆ ಬೆರಳು ಹಿಡಿದು, ನಾಲ್ಕು ಮಂದಿಗೆ ಕಾಣದಂತೆ ದರ ಮಾತಾಡುತ್ತಾರೆ. ಅಂಗಡಿಯವರಿಗೆ ಅದು ತಿಳಿಯಲಿಲ್ಲ. ಅವರು ಹಾವು ತುಳಿದವರಂತೆ ಕೈ ಕಿತ್ತುಕೊಂಡು, "ಏನ್ ಮಾಡಾಕತ್ತೀರ್ರಿ ಸರ, ಹೆಣಮಕ್ಕಳು ಕುಂತಾರ!" ಎಂದು ನನ್ನ ಕಡೆ ನೋಡಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಸರ ಮಾತ್ರ ಟಾವೆಲ್ ಮಡಚಿ ಚೀಲದಲ್ಲಿಟ್ಟುಕೊಂಡು, "ಇಂಥಾ ಅಂಗಡಿಯಾಗ ವ್ಯಾಪಾರದ ಗಂಧ ಇಲ್ರಿ" ಎನ್ನುತ್ತ ಎದ್ದರು.

ಇಷ್ಟೇ ಆಗಿದ್ದರೆ ಇದನ್ನು ನಗುವ ಕತೆಯಾಗಿ ಹೇಳಿ ಮುಗಿಸಬಹುದಿತ್ತು. ಪ್ರಪಂಚದಲ್ಲಿ ಅಳೆದು ಸುರಿದು ಕಾಲ ಕಳೆಯುವವರು ಬೇಕಾದಷ್ಟಿದ್ದಾರೆ, ನಮಗೇನು? ಆದರೆ ಆ ಫೋನು ಬೇಕಾಗಿದ್ದದ್ದು ಅವರಿಗಲ್ಲ, ಅವರ ಹೆಂಡತಿಗೆ. ನಾನು ಅವರನ್ನು ವೈನಿ ಎನ್ನುತ್ತೇನೆ. ನಮ್ಮ ಕಡೆ ಅಣ್ಣನ ಹೆಂಡತಿಯನ್ನು ಕರೆಯುವ ಮಾತು. ಅಣ್ಣನ ಮೇಲೆ ಪ್ರೀತಿ ಇರಲಿ ಬಿಡಲಿ, ವೈನಿಯ ಮೇಲೆ ಇರುತ್ತದೆ.

ವೈನಿಗೆ ಕಿವಿ ಕೇಳುವುದಿಲ್ಲ. ಹುಟ್ಟಿನಿಂದ ಬಂದದ್ದಲ್ಲ, ನಡುವಯಸ್ಸಿನಲ್ಲಿ ಕೆಟ್ಟ ಜ್ವರ ಬಂದು ಎರಡೂ ಕಿವಿ ಹೋದವು. ಯಂತ್ರ ಹಚ್ಚಿ ನೋಡಿದರು, ಹತ್ತಲಿಲ್ಲ. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿದುಕೊಳ್ಳುವುದನ್ನು ತಾವೇ ಕಲಿತರು. ಯಾರು ಕಲಿಸಿದರು ಎಂದು ಕೇಳಿದರೆ, "ಯಾರು ಕಲಸ್ತಾರ್ರಿ, ಹಸದಾವ್ರಿಗೆ ಉಣ್ಣಾಕ ಕಲಸಬೇಕೇನು?" ಎಂದು ನಗುವರು. ತಮ್ಮ ದನಿ ತಮಗೆ ಕೇಳದ್ದರಿಂದ ಸ್ವಲ್ಪ ಗಟ್ಟಿಯಾಗಿ ಮಾತಾಡುವರು. ನಾನು ಅಡುಗೆಮನೆಯ ಕಿಟಕಿಗೆ ಬಂದು ಬಾಯಿ ಅಗಲಿಸಿ, ದನಿಯೇ ಇಲ್ಲದೆ "ಏನ್ ಪಲ್ಯಾ?" ಎಂದರೆ, ಅವರು ಆ ಕಿಟಕಿಯಿಂದ ಓಣಿಗೆಲ್ಲ ಕೇಳುವ ಹಾಗೆ "ಮಡಕಿ ಕಾಳು!" ಎನ್ನುವರು.

ಲಾಕ್‌ಡೌನಿನ ಕಾಲದಲ್ಲಿ ಊರಿನವರೆಲ್ಲ ಬಾಯಿ ಮುಚ್ಚಿಕೊಂಡಾಗ ಕಷ್ಟವಾದದ್ದು ಅವರಿಗೆ. ಹಾಲಿನವನ ಬಾಯಿಯಿಲ್ಲ, ಔಷಧಿ ಅಂಗಡಿಯವನ ಬಾಯಿಯಿಲ್ಲ. ಬಾಗಿಲಿಗೆ ಬಂದವರ ಕಣ್ಣನ್ನೇ ಮಿಕಿಮಿಕಿ ನೋಡುತ್ತ ನಿಲ್ಲುವರು. ನಾನು ಹಿತ್ತಲಲ್ಲಿ ದೂರ ನಿಂತು ಮಾಸ್ಕ್ ಇಳಿಸಿ ನಾಲ್ಕು ಮಾತಾಡಿದರೆ ಅವರ ಮುಖ ಅರಳುತ್ತಿತ್ತು. ಆಗಲೇ ಸಿಂಗಟಾಲೂರಿನಿಂದ ಒಂದು ಸುದ್ದಿ ಬಂತು. ಅಲ್ಲಿ ವೈನಿಯ ಅಕ್ಕ ಇದ್ದಾರೆ. ತಾಯಿ ಬೇಗ ಹೋದ ಮನೆಯಲ್ಲಿ ವೈನಿಯನ್ನು ಎತ್ತಿ ಆಡಿಸಿದವರು ಅವರೇ. ಮೊಣಕಾಲು ಹಿಡಿದುಕೊಂಡು ಬಸ್ಸು ಹತ್ತಲಾರರು. ಇವರು ಹೋಗಬೇಕೆಂದರೆ ಶಿರಹಟ್ಟಿ, ಮುಂಡರಗಿ ಎಂದು ಬಸ್ಸು ಬದಲಿಸುತ್ತ ಹೋಗಬೇಕು, ಕಂಡಕ್ಟರ್ ಕೂಗಿದ್ದು ಕೇಳುವುದಿಲ್ಲ. ವರ್ಷಕ್ಕೆ ಒಮ್ಮೆ ಯಾರಾದರೂ ಕರೆದುಕೊಂಡು ಹೋದರೆ ಉಂಟು. ಆ ಅಕ್ಕನ ಸೊಸೆ ಈಗ ದೊಡ್ಡ ಫೋನು ಕೊಂಡಿದ್ದಳು. ವಿಡಿಯೋ ಕಾಲ್ ಮಾಡಿದರೆ ಮುಖ ಕಾಣುತ್ತದೆ. ಮುಖ ಕಂಡರೆ ತುಟಿ ಕಾಣುತ್ತದೆ. ತುಟಿ ಕಂಡರೆ ವೈನಿಗೆ ಮಾತು ಕೇಳುತ್ತದೆ. ಈ ಕಡೆ ಒಂದು ಫೋನು ಬೇಕು, ಅಷ್ಟೇ.

"ನಮ್ಮ ಮನಿಯಾವ್ರು ತರತಾರಂತ್ರಿ!" ಎಂದು ವೈನಿ ಕಿಟಕಿಯಿಂದ ಕೂಗಿ ಹೇಳಿದ ದಿನ ನನಗೆ ಚೆನ್ನಾಗಿ ನೆನಪಿದೆ. ಅದೇ ವಾರ ಹಳೆಯ ಇಳಕಲ್ ಸೀರೆಯ ಚೂರುಗಳನ್ನು ಕೌದಿಯ ಹಾಗೆ ಜೋಡಿಸಿ ಫೋನಿಗೊಂದು ಚೀಲ ಹೊಲಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಾನು ಅಣಕಿಸಿದೆ. ಅವರು ನಕ್ಕರು.

ಕುಲಾವಿ ಹೊಲಿದು ಒಂದು ವರ್ಷವಾಯಿತು, ಮತ್ತೊಂದಾಯಿತು. ಅಷ್ಟರಲ್ಲಿ ಅಂಗಡಿಯಲ್ಲಿ ಫೋನುಗಳು ಉದ್ದಗಲ ಬೆಳೆದವು. ಸರ ಗದಗಿನಿಂದ ಬಂದು ಬೆರಳಿನಿಂದ ಅಳತೆ ತೋರಿಸುವರು, ವೈನಿ ಚೀಲದ ಹೊಲಿಗೆ ಬಿಚ್ಚಿ ಇನ್ನೊಂದು ಚೂರು ಸೇರಿಸುವರು. ಮಗು ಹುಟ್ಟದೆ ಅಂಗಿ ಮಾತ್ರ ಬೆಳೆಯುತ್ತಿದ್ದ ಆ ಮನೆಯನ್ನು ನೋಡಿ ನನಗೆ ಮೈ ಉರಿಯುತ್ತಿತ್ತು.

ಈ ಮನುಷ್ಯನ ಮೇಲೆ ನನಗಿರುವ ತಿರಸ್ಕಾರದ ತಿರುಳು ಇಲ್ಲಿದೆ. ಅವರು ಹೆಂಡತಿಯ ಕಿವುಡನ್ನೇ ತಮ್ಮ ಸೋಮಾರಿತನಕ್ಕೆ ಊರುಗೋಲು ಮಾಡಿಕೊಂಡರು. ಕೇಳಿದರೆ ಸಿದ್ಧ ಉತ್ತರ.

"ಮಂದಿಗೆ ಎಂಥಾದಾರ ನಡೀತೈತಿ ಟೀಚರ್. ನಮ್ಮ ಮನ್ಯಾಗ ತುಟಿ ಓದಬೇಕು. ಮುಂದಿನ ಕ್ಯಾಮೆರಾ ಚೊಲೋ ಬೇಕು, ಪರದೆ ಝಗ್ ಅನ್ನಬೇಕು, ಚಿತ್ರ ತಡವರಿಸಬಾರದು. ಐದ ಜಿ ನಮ್ಮ ಓಣಿಗೆ ಪೂರಾ ಬರಲಿ. ಅಕಿ ಸಲುವಾಗೇ ನಾ ಇಷ್ಟು ತಡದೀನಿ."

ಕೇಳಿದವರು ಎಂಥ ಪ್ರೀತಿ ಎನ್ನುವರು. ವೈನಿಯೂ ಹಾಗೆ ತಿಳಿದರು. ಗಂಡನ ತುಟಿಯ ಮೇಲಿನ ಮಾತನ್ನು ಅವರು ಯಾವಾಗಲೂ ನಂಬಿದರು, ಯಾಕೆಂದರೆ ಅವರಿಗೆ ದಿಕ್ಕಿದ್ದದ್ದೇ ತುಟಿಗಳ ಮೇಲಿನ ಮಾತು.

ಒಂದು ಭಾನುವಾರ ಸರ ಮೂರನೆಯದೋ ಮೂವತ್ತನೆಯದೋ ಸಂತೆಗೆಂದು ಗದಗಿಗೆ ಹೋಗಿದ್ದರು. ನಾನು ವೈನಿಯನ್ನು ನಮ್ಮ ಮಾಳಿಗೆಯ ಮೇಲೆ ಕರೆದೆ. ನನ್ನ ಫೋನು ಆಗಲೇ ಹಳೆಯದು, ಮೂಲೆಯಲ್ಲಿ ಗಾಜು ಒಡೆದಿತ್ತು. ಸೊಸೆಯ ನಂಬರಿಗೆ ವಿಡಿಯೋ ಕಾಲ್ ಹಚ್ಚಿ ವೈನಿಯ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತು ಚಿತ್ರ ಸುತ್ತಿತು. ಆಮೇಲೆ ಬದನೆ ಗಿಡಗಳ ನಡುವೆ ನಿಂತ ಅಕ್ಕ ಬಂದರು. ಅವರ ಮುಂದಿನ ಹಲ್ಲೊಂದು ಬಿದ್ದಿತ್ತು. ನಾಚಿಕೆಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಕೈ ತಗೀಯವ್ವಾ! ಬಾಯಿ ಮುಚ್ಚಿದ್ರ ನಾ ಹೆಂಗ ಕೇಳಲಿ?" ಎಂದು ವೈನಿ ಕೂಗಿದರು.

ಅಕ್ಕ ಸೆರಗು ತೆಗೆದರು. ಏನೋ ಅಂದರು. ಫೋನಿನ ದನಿ ನನಗೇ ಸರಿಯಾಗಿ ಕೇಳಲಿಲ್ಲ. ವೈನಿಗೆ ಪೂರ್ತಿ ಕೇಳಿತು. "ಉಂಡೀನಿ, ಉಂಡೀನಿ. ನೀ ಯಾಕ ಇಷ್ಟು ಇಳದೀ?" ಎಂದರು. ಇಬ್ಬರೂ ಬದನೆಕಾಯಿಯ ದರದಿಂದ ಹಿಡಿದು ಸತ್ತ ತಾಯಿಯ ಕೈಯ ಎಣ್ಣೆಗಾಯಿಯ ತನಕ ಮಾತಾಡಿದರು. ನಡುನಡುವೆ ಚಿತ್ರ ನಿಲ್ಲುತ್ತಿತ್ತು, ಮುಖ ಚೌಕಚೌಕವಾಗಿ ಒಡೆಯುತ್ತಿತ್ತು. ವೈನಿಗೆ ಅದರ ಪರಿವೆಯೇ ಇಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು ಸೆರಗಿನಿಂದ ಒರೆಸಿದ್ದು ತಮ್ಮ ಕಣ್ಣನ್ನಲ್ಲ, ಫೋನನ್ನು. ಆ ಮಧ್ಯಾಹ್ನದಷ್ಟು ಸಂತೋಷದ ಮಧ್ಯಾಹ್ನವನ್ನು ನಾನು ನಮ್ಮ ಮಾಳಿಗೆಯ ಮೇಲೆ ಮತ್ತೆ ಕಂಡಿಲ್ಲ.

ಸಂಜೆ ಸರ ನಮ್ಮ ಮನೆಗೆ ಬಂದರು. ಸಿಟ್ಟಿಲ್ಲ, ಸೆಡವಿಲ್ಲ. ಎರಡೂ ಕೈ ಜೋಡಿಸಿ ಬಾಗಿಲಲ್ಲೇ ನಿಂತರು.

"ಟೀಚರ್, ಒಂದು ವಿನಂತಿ ಐತಿ. ನಮ್ಮ ಮನಿಯಾಕಿಗೆ ಸುಮಾರು ಫೋನಿನ ರೂಢಿ ಹಚ್ಚಬ್ಯಾಡ್ರಿ. ಕಣ್ಣು ಒಂದ ಉಳದಾವ, ಅವೂ ಕೆಡ್ತಾವ. ನಾ ಚೊಲೋದು ತರಾಂವ ಅದೀನಿ."

"ಸರ, ಅವ್ರಿಗೆ ಎಲ್ಲಾ ತಿಳೀತ್ರಿ. ಒಂದು ಮಾತು ತಪ್ಪಲಿಲ್ಲ. ಇಂಥಾದೊಂದು ಸುಮಾರಿನ ಫೋನ ಸಾಕು ಅವ್ರಿಗೆ."

"ಸಾಕು ಅನ್ನೋದು ನಮ್ಮ ಮನಿತನದಾಗ ಇಲ್ರಿ" ಎಂದರು. ನಂತರ ದನಿ ತಗ್ಗಿಸಿ, "ಮಂದಿ ಮನಿ ಫೋನಿನ್ಯಾಗ ಹೇಂತಿ ಮಾತಾಡಿದ್ರ ನನಗ ಮರ್ಯಾದಿ ಏನೈತ್ರಿ?" ಎಂದರು. ಅದು ಆ ದಿನ ಅವರಾಡಿದ ಒಂದೇ ಸತ್ಯ.

ಮರುದಿನ ನಾನು ಕಿಟಕಿಯಲ್ಲಿ ಫೋನು ಎತ್ತಿ ತೋರಿಸಿದರೆ ವೈನಿ ತಲೆ ಅಲ್ಲಾಡಿಸಿದರು. "ಬ್ಯಾಡ್ರಿ. ಅವ್ರು ಮನಸಿಗೆ ಹಚ್ಗೊಂಡಾರ. ಹೆಂಗೂ ತರತಾರಲ್ಲ" ಎಂದರು. ಆ ಸಲ ಮಾತ್ರ ಮೆಲ್ಲಗೆ ಆಡಿದರು. ಆಮೇಲೆ ಎಷ್ಟು ಸಲ ಕರೆದರೂ ಬರಲಿಲ್ಲ.

ಸರ ಅವರಿಗೂ ಒಂದು ಗಾಯವಿತ್ತು ಎನ್ನುವುದನ್ನು ಹೇಳದಿದ್ದರೆ ನ್ಯಾಯವಾಗದು. ನೌಕರಿಯ ಹೊಸದರಲ್ಲಿ ಅವರು ತಂದೆಯನ್ನು ಕೇಳದೆ ಒಂದು ಹಳೆಯ ಮೋಟಾರ್ ಸೈಕಲ್ ಕೊಂಡಿದ್ದರಂತೆ. ಮುಳಗುಂದಕ್ಕೆ ಅದನ್ನು ಮೆರೆಸಿಕೊಂಡು ಹೋದ ದಿನವೇ ಅದು ಊರ ಅಗಸಿಯ ಬಾಗಿಲಲ್ಲಿ ಕೆಟ್ಟು ನಿಂತಿತು. ತಂದೆ ಕಟ್ಟೆಯ ಮೇಲೆ ಕುಳಿತವರ ಎದುರು, "ನನ್ನ ಹೊಟ್ಟ್ಯಾಗ ಹುಟ್ಟಿ ಸುಳಿ ನೋಡಾಕ ಬರಲಿಲ್ಲೇನಲೇ?" ಎಂದರಂತೆ. ಊರು ನಕ್ಕಿತು. ಅಂದಿನಿಂದ ಅವರು ಏನನ್ನೂ ನೋಡದೆ ಕೊಳ್ಳಲಿಲ್ಲ, ನೋಡಿದ್ದನ್ನೂ ಕೊಳ್ಳಲಿಲ್ಲ. ಇದನ್ನು ನನಗೆ ಹೇಳಿದವರು ವೈನಿ, ಅದೂ ಗಂಡನ ಮೇಲಿನ ಮರುಕದಿಂದ. ನನಗೂ ಆ ಕ್ಷಣ ಪಾಪ ಎನ್ನಿಸಿತು. ಆದರೆ ಸತ್ತ ಅಪ್ಪ ಬೈದಾನೆಂದು ಬದುಕಿರುವ ಹೆಂಡತಿಯನ್ನು ಕಾಯಿಸುವವನನ್ನು ನಾನು ಹೇಡಿ ಎನ್ನುತ್ತೇನೆ. ಅವರ ಬಿಳಿ ಅಂಗಿ, ಜೋಡಿಸಿದ ಕೈ, ಮೆತ್ತನೆಯ ಮಾತು ಎಲ್ಲವೂ ಆ ಹೇಡಿತನಕ್ಕೆ ಹಾಕಿದ ಇಸ್ತ್ರಿ.

ಆ ಭಾನುವಾರದ ನಂತರ ಮತ್ತೊಂದು ವರ್ಷ ಹೋಯಿತು. ಒಂದು ದಿನ ಸಿಂಗಟಾಲೂರಿನಿಂದ ಸೊಸೆ ಸರ ಅವರ ಗುಂಡಿ ಫೋನಿಗೆ ಫೋನು ಮಾಡಿದಳು. ಅತ್ತೆಗೆ ಲಕ್ವಾ ಹೊಡೆದಿದೆ, ಮುಂಡರಗಿಯಿಂದ ಗದಗಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇವೆ ಎಂದಳು. ವೈನಿ ಹೋಗಿ ನೋಡಿ ಬಂದರು. ಜೀವಕ್ಕೆ ಅಪಾಯವಿರಲಿಲ್ಲ. ಒಂದು ಕೈ ಬಿದ್ದಿತ್ತು, ಬಾಯಿ ಒಂದು ಕಡೆಗೆ ಎಳೆದಿತ್ತು. ಆಸ್ಪತ್ರೆಯ ಗದ್ದಲದಲ್ಲಿ, ಮೂಗಿಗೆ ನಳಿಗೆ ಹಾಕಿದ್ದ ಅಕ್ಕನ ಹತ್ತಿರ ಮಾತಾಡಲು ಆಗಿರಲಿಲ್ಲ. "ಅಕ್ಕ ಮನಿಗೆ ಹೋದಮ್ಯಾಲೆ ಫೋನಿನ್ಯಾಗ ಮಾತಾಡ್ತೀನ್ರಿ" ಎಂದು ವೈನಿ ನನಗೆ ಹೇಳಿದರು. ಆಗಲಾದರೂ ಈ ಮನುಷ್ಯ ಓಡಿ ಹೋಗಿ ಸಿಕ್ಕಿದ್ದನ್ನು ತರುತ್ತಾರೆಂದುಕೊಂಡೆ. ಅವರು ಮನಸ್ಸು ಮಾಡಿದ್ದ ಫೋನಿಗೆ ಇನ್ನೂ ಎರಡೇ ಸಂತೆಯಾಗಿತ್ತು. ಮೂರನೆಯದನ್ನು ಮುಗಿಸಿಯೇ ತಂದರು.

ತಂದ ದಿನ ಅವರ ಮನೆಯಲ್ಲಿ ಹಬ್ಬ. ಫೋನಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಡ್ರಿಲ್ ಮಾಸ್ತರರನ್ನೂ ನನ್ನನ್ನೂ ಪೇಢೆ ತಿನ್ನಲು ಕರೆದರು. ಫೋನು ಚೆನ್ನಾಗಿತ್ತು, ಇಲ್ಲವೆನ್ನಲಾರೆ. ಪರದೆ ಕನ್ನಡಿಯ ಹಾಗಿತ್ತು. ಅವರು ಅದರ ಗುಣಗಳನ್ನು ಒಂದೊಂದಾಗಿ ವರ್ಣಿಸುತ್ತಿದ್ದರೆ ವೈನಿ ಹೊಸ ಸೀರೆ ಉಟ್ಟು ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಕೌದಿಯ ಚೀಲ ತೊಡೆಯ ಮೇಲಿತ್ತು.

ಕಾಲ್ ಹತ್ತಿತು. ಅಕ್ಕನ ಮುಖ ಬಂತು. ಒಂದೊಂದು ಸುಕ್ಕೂ ಕಾಣುವಷ್ಟು ಸ್ವಚ್ಛವಾಗಿತ್ತು. ಅಕ್ಕ ತಂಗಿಯನ್ನು ನೋಡಿ ಮಾತಾಡಿದರು. ಅರ್ಧ ತುಟಿ ಅಲ್ಲಾಡಿತು, ಅರ್ಧ ಜೋತುಬಿದ್ದಿತ್ತು. ವೈನಿ ಮುಂದೆ ಬಾಗಿದರು. "ಏನಂದಿ?" ಎಂದರು. ಅಕ್ಕ ಮತ್ತೆ ಹೇಳಿದರು. "ಇನ್ನೊಮ್ಮೆ ಹೇಳವ್ವಾ" ಎಂದರು ವೈನಿ. ಮೂರನೆಯ ಸಲ ಹೇಳುವಾಗ ಅಕ್ಕನ ಬಾಯಿಯ ಮೂಲೆಯಿಂದ ಜೊಲ್ಲು ಇಳಿಯಿತು.

ನಮಗೆಲ್ಲ ತಿಳಿಯಿತು. ಸರ ಅವರಿಗೆ ತಿಳಿಯಲಿಲ್ಲ. ಅವರು ಹೆಂಡತಿಯ ಭುಜದ ಮೇಲಿನಿಂದ ಕೈ ಚಾಚಿ ಬೆಳಕು ಹೆಚ್ಚು ಮಾಡಿದರು. "ತಡೀರಿ, ಇದರಾಗ ದೊಡ್ಡದ ಮಾಡಾಕ ಬರತೈತಿ" ಎನ್ನುತ್ತ ಎರಡು ಬೆರಳಿನಿಂದ ಚಿತ್ರವನ್ನು ಎಳೆದರು. ಅಷ್ಟು ಅಗಲದ ಪರದೆಯ ತುಂಬ ಸೊಟ್ಟಗಾದ ಒಂದು ಬಾಯಿ ಮಾತ್ರ ಉಳಿಯಿತು. ಅತ್ತ ಅಕ್ಕ ತಂಗಿಯ ಮುಖದ ಮೇಲಿನ ಕಂಗಾಲು ನೋಡಿರಬೇಕು, ಅಥವಾ ಫೋನಿನ ಮೂಲೆಯಲ್ಲಿ ತಮ್ಮನ್ನೇ ಕಂಡಿರಬೇಕು. ನೆಟ್ಟಗಿದ್ದ ಕೈಯಿಂದ ಸೆರಗು ಎತ್ತಿ ಬಾಯಿ ಮುಚ್ಚಿಕೊಂಡರು. ಈ ಸಲ ವೈನಿ ತೆಗೆ ಎನ್ನಲಿಲ್ಲ. ಫೋನನ್ನು ಮೆಲ್ಲಗೆ ಬೋರಲಾಗಿ ಮೇಜಿನ ಮೇಲಿಟ್ಟು ಒಳಗೆ ಎದ್ದು ಹೋದರು.

ಸರ ನಮ್ಮಿಬ್ಬರ ಮುಖ ನೋಡಿದರು. "ಫೋನಿನ ತಪ್ಪಲ್ರಿ ಅದು" ಎಂದರು. "ನೀವ ನೋಡಿದ್ರಲ್ಲ, ಎಷ್ಟು ಕ್ಲಿಯರ್ ಐತಿ!"

ಡ್ರಿಲ್ ಮಾಸ್ತರರು ಪೇಢೆಯನ್ನು ಬಾಯಲ್ಲಿಟ್ಟುಕೊಂಡು ನುಂಗಲಾರದೆ ಕುಳಿತಿದ್ದರು. ನಾನು ಎದ್ದೆ. ಆ ಫೋನನ್ನು ಕೈಗೆತ್ತಿಕೊಂಡು, ಅಂಗೈ ಮೇಲೆ ತೂಕ ನೋಡಿ, ಬೆನ್ನು ತಿರುಗಿಸಿ ಕ್ಯಾಮೆರಾದ ಕಣ್ಣು ಎಣಿಸಿ, ಅವರ ಕೈಗೇ ವಾಪಸು ಕೊಟ್ಟೆ.

"ಆತು ಬಿಡ್ರಿ ಸರ, ತಗೊಂಡೀರಲ್ಲ."

ಅದೇ ನಾನು ಅವರೊಡನೆ ಆಡಿದ ಕೊನೆಯ ಮಾತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದವರಿಗೆ ಬೀಗ ಎಷ್ಟು ಗಟ್ಟಿಯದು ಎಂದು ತೋರಿಸುವ ಚಪಲ. ಅಂಥವರ ಹತ್ತಿರ ಮಾತೇನು? ಅಕ್ಕ ಮತ್ತೆಂದೂ ಫೋನಿನ ಮುಂದೆ ಬರಲಿಲ್ಲ. ಸರ ಅದನ್ನು ಕಿಸೆಯಲ್ಲಿಟ್ಟುಕೊಂಡು, ಸ್ಟಾಫ್‌ರೂಮಿನಲ್ಲಿ ಹೊಸದಾಗಿ ಬಂದವರಿಗೆ ತೋರಿಸುತ್ತ ನಿವೃತ್ತರಾದರು. ನಿವೃತ್ತಿಯ ವರ್ಷ ತುಂಬುವ ಮುಂಚೆಯೇ ಎದೆ ನೋವು ಬಂದು ಹೋದರು. ಶ್ರದ್ಧಾಂಜಲಿ ಸಭೆಯಲ್ಲಿ ಇಟ್ಟ ಫೋಟೋ ಅದೇ ಫೋನಿನಲ್ಲಿ ತೆಗೆದದ್ದು. ಮೀಸೆಯ ಒಂದೊಂದು ಕೂದಲೂ ಎಣಿಸುವ ಹಾಗಿತ್ತು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಹೋದ ವಾರ ವೈನಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದರು. ಕೌದಿಯ ಚೀಲದಿಂದ ಆ ಫೋನು ತೆಗೆದು ನನ್ನ ಅಡುಗೆ ಕಟ್ಟೆಯ ಮೇಲಿಟ್ಟರು.

"ಇದನ್ನ ನೀವ ಇಟಗೋರಿ. ಭಾರಿ ಚೊಲೋದಂತ" ಎಂದರು. ಚೀಲ ಮಾತ್ರ ಕೈಯಲ್ಲೇ ಹಿಡಿದುಕೊಂಡಿದ್ದರು. "ನಿಮ್ಮ ಆ ಹಳೇ ಫೋನ ಐತೇನ್ರಿ, ಮೂಲ್ಯಾಗ ಒಡದದ್ದು?"

ನಾನು ಟ್ರಂಕಿನಲ್ಲಿ ಹುಡುಕಿ ತಂದೆ. ಅವರ ಎದುರು ನಿಂತು, ತುಟಿ ಚೆನ್ನಾಗಿ ಕಾಣುವ ಹಾಗೆ ನಿಧಾನವಾಗಿ ಹೇಳಿದೆ. "ಇದು ಈಗ ಹತ್ತೂದಿಲ್ರಿ ವೈನಿ. ಕೆಟ್ಟೈತಿ. ಇದರಾಗ ಏನೂ ಉಳದಿಲ್ಲ."

ಅವರು ನನ್ನ ಬಾಯಿಯನ್ನು ಪೂರ್ತಿ ಓದಿ ತಲೆ ಆಡಿಸಿದರು. ಫೋನನ್ನು ಸೆರಗಿನಿಂದ ಒರೆಸಿ, ಅದಕ್ಕಿಂತ ಬಹಳ ದೊಡ್ಡದಾಗಿದ್ದ ಆ ಚೀಲದೊಳಗೆ ಇಳಿಸಿ ದಾರ ಎಳೆದರು.

"ಹತ್ತದಿದ್ರ ಬಿಡ್ರಿ" ಎಂದರು, ಓಣಿಗೆಲ್ಲ ಕೇಳುವ ಹಾಗೆ. "ನಮ್ಮಕ್ಕನ ಬಾಯಿ ಇದರಾಗ ನೆಟ್ಟಗಿತ್ತು."